ಎರಡು ಶೀಟು ಮಾತ್ರೆ

ಜನವರಿ 9

ಅಕ್ಕ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಎರಡು ಶೀಟು ಮಾತ್ರೆ ಎಲ್ಲಿ ಅಂತ ಹೇಳು.

ನಿನ್ನ ಮನೆಗೆ ಬರುವಾಗ ನನ್ನ ಕೈಚೀಲದ ಪಕ್ಕದ ಜೇಬಿನಲ್ಲಿ ಮೂರು ಶೀಟು ಇದ್ದವು. ಒಂದು ಅರ್ಧ ಮುಗಿದದ್ದು, ಎರಡು ಡಬ್ಬಿ ಒಡೆಯದ ಹೊಸವು. ವಾಪಸ್ ಬಂದು ನೋಡಿದರೆ ಅರ್ಧದ್ದು ಮಾತ್ರ ಇದೆ. ಬಸ್ಸಿನಲ್ಲಿ ಬಿದ್ದಿರಬೇಕು ಅನ್ನಬೇಡ. ಜೇಬಿನ ಜಿಪ್ಪು ಹಾಕಿತ್ತು. ನಾನು ಹುಟ್ಟಿದಾಗಿನಿಂದ ಒಂದು ಜಿಪ್ಪನ್ನೂ ಪೂರ್ತಿ ಹಾಕಿದವಳಲ್ಲ, ಅದು ನಿನಗೇ ಗೊತ್ತು. ಪರ್ಸು ಮುಟ್ಟದೆ, ಮಾತ್ರೆ ಮಾತ್ರ ತೆಗೆದುಕೊಂಡು, ಜಿಪ್ಪನ್ನು ಕೊನೆಯ ಹಲ್ಲಿನ ತನಕ ನೀಟಾಗಿ ಎಳೆದು ಹೋಗುವ ಕಳ್ಳರು ಬಸ್ಸಿನಲ್ಲಿ ಇರುವುದಿಲ್ಲ, ಹೊಲಿಗೆ ಅಂಗಡಿಯಲ್ಲಿ ಇರುತ್ತಾರೆ.

ಫೋನ್ ಮಾಡಿ ಕೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ನಿಮ್ಮ ಅತ್ತೆಯ ಕೈಯಲ್ಲಿ. ಅವರಿಗೆ ಕಿವಿ ಮಂದ, ಹಾಗಾಗಿ ಯಾರು ಏನು ಮಾತಾಡಿದರೂ ಸ್ಪೀಕರಿನಲ್ಲೇ. ನನ್ನ ಮುಟ್ಟಿನ ವಿಷಯವನ್ನು ನಿನ್ನ ಮೂರು ಮಕ್ಕಳೂ ಅತ್ತೆಯೂ ಊಟ ಮಾಡುತ್ತಾ ಕೇಳುವುದು ಬೇಡ. ಅದಕ್ಕೇ ಈ ಕಾಗದ, ಅದೂ ಮೆಟ್ಟಿಲ ಕೆಳಗಿನ ನಿನ್ನ ಅಂಗಡಿಯ ವಿಳಾಸಕ್ಕೆ.

ಈಗ ನಾನು ಮತ್ತೆ ಕಾರ್ಖಾನೆಯ ನರ್ಸಮ್ಮನ ಮುಂದೆ ಹೋಗಿ ನಿಲ್ಲಬೇಕು. ಆಕೆ ಕನ್ನಡಕ ಮೇಲೆತ್ತಿ, "ಮೂರು ತಿಂಗಳದ್ದು ಒಟ್ಟಿಗೆ ಕೊಟ್ಟಿದ್ದೆನಲ್ಲಮ್ಮಾ, ಏನ್ಮಾಡಿದೆ? ಬೀದೀಲಿ ಹಂಚಿದ್ಯಾ?" ಅಂತ ಕೇಳುತ್ತಾಳೆ. ಏನು ಹೇಳಲಿ? ನಮ್ಮಕ್ಕನಿಗೆ ಕೈ ಚುರುಕು ಅಂತಲಾ?

ಮಾತ್ರೆ ವಾಪಸ್ ಕಳಿಸು. ಇಲ್ಲವಾದರೆ ನಿನ್ನ ಮೈದುನನ ಔಷಧಿ ಅಂಗಡಿಗೆ ನಡೆದುಹೋಗಿ, ನಾಲ್ಕು ಜನರ ಮುಂದೆ ಮಾತ್ರೆಯ ಹೆಸರು ಹೇಳಿ, ಎರಡು ಶೀಟು ಕೊಂಡು ಕಳಿಸು. ನೋಡೋಣ ನಿನ್ನ ಧೈರ್ಯ.

ನಿನ್ನ ತಂಗಿ


ಜನವರಿ 16

ಮೊಂಡಿ,

ಹೌದು, ನಾನೇ ತೆಗೆದೆ. ತೆಗೆದು ಡಬ್ಬಿ ಸಮೇತ ಒಲೆಗೆ ಹಾಕಿದೆ. ಬಿಚ್ಚಿ ಕೂಡ ನೋಡಲಿಲ್ಲ. ಡಬ್ಬಿಯ ಮೇಲೆ ಬರೆದಿದ್ದು ಓದಿದರೆ ಸಾಕಾಗಿತ್ತು. ಓದು ಬರದವಳು ಅಂದುಕೊಂಡಿದ್ದೀಯಾ ನನ್ನನ್ನು?

ಮಕ್ಕಳಾಗದ ಹಾಗೆ ನುಂಗುವ ಮಾತ್ರೆ ಮದುವೆಯಾಗದ ಹುಡುಗಿಯ ಚೀಲದಲ್ಲಿ! ನಿನಗೆ ಇಪ್ಪತ್ತೇಳು ವರ್ಷ, ಗಂಡು ನೋಡೋಣ ಅಂದರೆ ಮೂಗು ಮುರಿಯುತ್ತೀಯ. ಯಾಕೆ ಮುರಿಯುತ್ತೀಯ ಅಂತ ಈಗ ಗೊತ್ತಾಯಿತು. ಅಮ್ಮ ಹೋದಾಗ ನಿನಗೆ ಒಂಬತ್ತು. ನಿನ್ನ ಜಡೆ ಹಾಕಿ, ಹೇನು ತೆಗೆದು, ಮೊದಲ ಸಲ ಮುಟ್ಟಾದಾಗ ಬಚ್ಚಲಲ್ಲಿ ಕೂತು ಕಿರುಚುತ್ತಿದ್ದವಳನ್ನು ಎತ್ತಿಕೊಂಡು ಬಂದವಳು ನಾನು. ಅದಕ್ಕೆ ನೀನು ಕೊಟ್ಟ ಬೆಲೆ ಇದು.

ಕಳ್ಳಿ ಅಂತ ಬರೆದಿದ್ದೀಯ. ಬರಿ. ಮಗು ಕೈಯಲ್ಲಿ ಕತ್ತರಿ ಹಿಡಿದಿದ್ದರೆ ಕಿತ್ತುಕೊಳ್ಳುವುದಕ್ಕೂ ಕಳ್ಳತನ ಅನ್ನುವುದಾದರೆ ನಾನು ಕಳ್ಳಿಯೇ.

ನಿಮ್ಮ ಭಾವ ಈ ವಾರ ಲಾರಿ ನಿಲ್ಲಿಸಿ ಮನೆಯಲ್ಲಿದ್ದಾರೆ. ಹೇಳಬೇಕು ಅಂತ ಬಾಯಿತನಕ ಬಂತು. ಹೇಳಲಿಲ್ಲ. ಮುಂದೆಯೂ ಹೇಳಬಾರದು ಅಂದರೆ ಆ ಸುಡುಗಾಡು ಅಭ್ಯಾಸ ಬಿಡು. ಅಷ್ಟಕ್ಕೂ ಅದನ್ನು ಹೇಗೆ ನುಂಗುತ್ತೀಯ, ದಿನಾ ನುಂಗುತ್ತೀಯಾ ಅಥವಾ ಬೇಕಾದಾಗ ಮಾತ್ರವಾ? ಎರಡನೆಯದಾದರೆ ಇನ್ನೂ ಅಸಹ್ಯ. ಉತ್ತರ ಬರಿ.

ಅಕ್ಕ


ಜನವರಿ 23

ಮಹಾತಾಯಿ ಅಕ್ಕನವರಿಗೆ,

ಈ ವಿಷಯ ಬರೆಯಬಾರದು ಅಂತಿದ್ದೆ. ನಿನ್ನ ಬಾಯಿ ನೋಡಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ನೀನು ಒಂದು ದಿನವೂ ಸರಿಯಾಗಿ ಕೇಳಿದವಳಲ್ಲ. ಬೆಳಕಿನ ಹಲಗೆಯ ಮುಂದೆ ಕೂರುತ್ತೇನೆ. ಅದರ ಮುಂದೆ ಬೆಲ್ಟಿನ ಮೇಲೆ ಖಾಲಿ ಬಾಟಲಿಗಳು ಸಾಗುತ್ತವೆ. ಬಿರುಕು, ಕಸ, ಗುಳ್ಳೆ ಕಂಡರೆ ಎತ್ತಿ ಪಕ್ಕಕ್ಕಿಡಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣಿಗೆ ಬಿಡುವು, ಸೊಂಟಕ್ಕೆ ಇಲ್ಲ. ಹೋದ ಅಕ್ಟೋಬರಿನಲ್ಲಿ ನನಗೆ ಹದಿಮೂರು ದಿನ ರಕ್ತ ಹೋಯಿತು. ಮುಟ್ಟು ಅಲ್ಲ ಅದು, ನಲ್ಲಿ. ಹದಿಮೂರನೇ ದಿನ ಹಲಗೆಯ ಬಿಳಿ ಬೆಳಕು ಹಸಿರಾಗಿ ಕಂಡಿತು. ಆಮೇಲೆ ನಾನು ನೆಲದ ಮೇಲಿದ್ದೆ. ಬೆಲ್ಟು ನಿಲ್ಲಿಸುವಷ್ಟರಲ್ಲಿ ನಲವತ್ತು ಬಾಟಲಿ ಒಡೆದಿದ್ದವು. ನನ್ನ ಸ್ಟೂಲು ಒರೆಸಿದ್ದು ನಮ್ಮ ಮೇಸ್ತ್ರಿ, ಐವತ್ತು ದಾಟಿದ ಗಂಡಸು. ಒಂದು ಮಾತಾಡದೆ ಒರೆಸಿದ. ನೀನಾಗಿದ್ದರೆ ಒರೆಸುತ್ತಾ ಭಾಷಣ ಮಾಡುತ್ತಿದ್ದೆ.

ನರ್ಸಮ್ಮ ಡಾಕ್ಟರ ಹತ್ತಿರ ಕಳಿಸಿದಳು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧ ಇಲ್ಲ ಅಂದರು. ಹೋಗುವುದನ್ನು ಕಡಿಮೆ ಮಾಡುವುದಕ್ಕೇ ಈ ಮಾತ್ರೆ ಕೊಟ್ಟದ್ದು. ಗಂಡಸೂ ಇಲ್ಲ, ಗಿಂಡಸೂ ಇಲ್ಲ. ದಿನಕ್ಕೊಂದು, ಒಂದೇ ಹೊತ್ತಿಗೆ, ಒಂದು ದಿನವೂ ಬಿಡದೆ. ಇಷ್ಟೇ ನಿನ್ನ "ಸುಡುಗಾಡು ಅಭ್ಯಾಸ".

ನನ್ನ ಜಡೆ ಹಾಕಿದ ಲೆಕ್ಕ ಹೇಳಿದ್ದೀಯ. ಆ ಜಡೆ ಎಷ್ಟು ಬಿಗಿ ಇರುತ್ತಿತ್ತು ಅಂದರೆ ಹುಬ್ಬು ಮೇಲಕ್ಕೆ ಹೋಗಿ ಶಾಲೆಯಲ್ಲೆಲ್ಲ ನನ್ನನ್ನು ಗಾಬರಿಗೌರಿ ಅಂತ ಕರೆಯುತ್ತಿದ್ದರು. ಅದನ್ನೂ ಲೆಕ್ಕಕ್ಕೆ ಸೇರಿಸಿಕೋ.

ಭಾವನಿಗೆ ಹೇಳುವುದಾದರೆ ಇದನ್ನೂ ಸೇರಿಸಿ ಹೇಳು.

ತಂಗಿ


ಫೆಬ್ರವರಿ 11

ಮೊಂಡಿ,

ನಿನ್ನ ಕಥೆ ಓದಿದೆ. ತಲೆ ತಿರುಗಿ ಬಿದ್ದವಳು ನನಗೆ ಒಂದು ಮಾತು ತಿಳಿಸಲಿಲ್ಲ. ಬಿದ್ದದ್ದಕ್ಕಿಂತ ಅದಕ್ಕೇ ನನಗೆ ಸಿಟ್ಟು. ಮೇಸ್ತ್ರಿ ಒರೆಸಿದನಂತೆ! ಊರ ಗಂಡಸು ಒರೆಸಬಹುದು, ಅಕ್ಕನಿಗೆ ಗೊತ್ತಾಗಬಾರದು. ಇರಲಿ. ಅರ್ಧ ನಂಬಿದ್ದೇನೆ, ಇನ್ನರ್ಧ ನಿನ್ನ ಮುಖ ನೋಡಿದಾಗ ತೀರ್ಮಾನ ಮಾಡುತ್ತೇನೆ.

ಆದರೆ ಮಾತ್ರೆಯ ವಿಷಯದಲ್ಲಿ ನಾನು ಹೇಳಿದ್ದೇ ಸರಿ. ನಮ್ಮ ಬೀದಿಯಲ್ಲಿ ಮೂರನೇ ಮನೆಯವಳು ಅದೇ ಮಾತ್ರೆ ನುಂಗುತ್ತಿದ್ದಾಳೆ. ಒಂದು ತಿಂಗಳ ಮೇಲಾಯಿತು. ಬೆಳಿಗ್ಗೆ ಎದ್ದರೆ ವಾಕರಿಕೆ. ಸಾಬೂನಿನ ವಾಸನೆ ಬಂದರೆ ಹೊಟ್ಟೆ ಮಗುಚಿ ಬರುತ್ತದೆ. ಮುಟ್ಟಿನ ದಿನ ದಾಟಿ ಎರಡು ವಾರ ಆಗುತ್ತಾ ಬಂತು, ಏನೂ ಇಲ್ಲ. ಅಂಥ ಗಟ್ಟಿ ಹೆಂಗಸು ಸೊರಗಿಹೋಗಿದ್ದಾಳೆ. ನಿನಗೂ ಇದೇ ಗತಿ ಬರುತ್ತದೆ, ಬರೆದಿಟ್ಟುಕೋ.

ನಿನಗೆ ತಿಂಗಳಿಗೆ ಸರಿಯಾಗಿ ಬರುತ್ತಿದೆಯಾ? ಎಷ್ಟು ದಿನ? ಅಥವಾ ಪೂರ್ತಿ ನಿಂತುಹೋಯಿತಾ? ನಿಂತರೆ ಅದು ಮಾತ್ರೆಯಿಂದಲೇ ಅಂತ ಹೇಗೆ ಗೊತ್ತಾಗುತ್ತದೆ? ಸುಳ್ಳು ಹೇಳದೆ ಬರಿ. ನನಗೇನೂ ಬೇಕಾಗಿಲ್ಲ, ನಿನ್ನ ಮೈಯನ್ನು ನೀನೇ ಹೇಗೆ ಹಾಳು ಮಾಡಿಕೊಳ್ಳುತ್ತಿದ್ದೀಯ ಅಂತ ತೋರಿಸುವುದಕ್ಕೆ ಕೇಳುತ್ತಿದ್ದೇನೆ.

ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ. ನೂರಾ ಹತ್ತು ಅಂಗಿ. ಜಗಳಕ್ಕೆ ಪುರುಸೊತ್ತಿಲ್ಲ, ಬೇಗ ಬರಿ.

ಅಕ್ಕ


ಫೆಬ್ರವರಿ 18

ಅಕ್ಕ,

ನೀನು ಹೆದರಿಸಬೇಕು ಅಂತ ಬರೆದಿದ್ದೀಯ, ನನಗೆ ನಗು ಬಂತು.

ಕೇಳು. ಮಾತ್ರೆ ಶುರು ಮಾಡಿ ಮೂರು ತಿಂಗಳ ಮೇಲಾಯಿತು. ಒಂದು ಹನಿ ಇಲ್ಲ. ಒಂದು ಹನಿ! ಮೊದಲ ದಿನದಿಂದಲೇ ಸ್ವಿಚ್ಚು ಒತ್ತಿದ ಹಾಗೆ ನಿಂತುಹೋಯಿತು. ಬಟ್ಟೆ ಒಗೆಯುವ ತಾಪತ್ರಯವಿಲ್ಲ, ಹೊಟ್ಟೆನೋವಿಲ್ಲ, ಸ್ಟೂಲಿನಿಂದ ಏಳುವ ಮುಂಚೆ ಹಿಂದೆ ತಿರುಗಿ ನೋಡುವುದಿಲ್ಲ. ಹದಿನಾಲ್ಕು ವರ್ಷ ಸುಮ್ಮನೆ ನರಳಿದೆ ಅನ್ನಿಸುತ್ತದೆ. ನಿನ್ನ ಮಾತು ಕೇಳಿ ನಿಲ್ಲಿಸಿದ್ದರೆ ಇವತ್ತು ಮತ್ತೆ ನೆಲದ ಮೇಲಿರುತ್ತಿದ್ದೆ.

ವಾಕರಿಕೆ ಎಲ್ಲರಿಗೂ ಶುರುವಿನಲ್ಲಿ ಬರುತ್ತದೆ, ತಾನೇ ಹೋಗುತ್ತದೆ. ಆ ಮೂರನೇ ಮನೆಯವಳಿಗೆ ಹೇಳು, ಮುಟ್ಟು ಬರಲಿಲ್ಲ ಅಂದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಅವಳಾದರೂ ಬುದ್ಧಿವಂತೆ, ಯಾರ ಅಪ್ಪಣೆಗೂ ಕಾಯದೆ ತನ್ನ ಮೈ ತಾನು ನೋಡಿಕೊಂಡಿದ್ದಾಳೆ. ಅವಳ ಕಾಲು ಮುಟ್ಟಿ ಅಕ್ಕ ಅಂತ ಕರೆಯಬೇಕು ಅನ್ನಿಸುತ್ತದೆ. ನಿನ್ನನ್ನು ಕರೆದು ಕರೆದು ಸಾಕಾಗಿದೆ.

ಇನ್ನು ಈ ವಿಷಯಕ್ಕೆ ಕಾಗದ ಬರೆಯಬೇಡ. ಬರೆದರೆ ಒಡೆಯುವುದಿಲ್ಲ.

ತಂಗಿ


ಮಾರ್ಚ್ 6

ಮೊಂಡಿ,

ಒಡೆಯುವುದಿಲ್ಲ ಅಂದಿದ್ದೀಯ, ಒಡೆಯುತ್ತೀಯ ಅಂತ ಗೊತ್ತು. ಚಿಕ್ಕಂದಿನಲ್ಲಿ ಅಂಟಿಸಿದ ಲಕೋಟೆ ಕಂಡರೆ ನಿನಗೆ ಕೈ ಕಡಿಯುತ್ತಿತ್ತು.

ನಿನ್ನ ಮಾತನ್ನು ಮೂರನೇ ಮನೆಯವಳಿಗೆ ಓದಿ ಹೇಳಿದೆ. ಅವಳಿಗೆ ಸಮಾಧಾನವಾಯಿತು. ಎರಡು ವಾರ ನೆಮ್ಮದಿಯಾಗಿ ನಿದ್ದೆ ಮಾಡಿದಳು. ನಾನು ನಂಬಬೇಡ ಅಂದೆ, ಅವಳೇ ನಂಬಿದಳು.

ಈಗ ಇನ್ನೊಂದು ಕೇಳುತ್ತಿದ್ದಾಳೆ. ಅವಳ ಮಾತ್ರೆ ಮುಗಿಯಿತು. ನಿಯಮ ತಪ್ಪದೆ ನುಂಗಿದ್ದಾಳೆ, ದಿನಕ್ಕೊಂದು, ಒಂದೇ ಹೊತ್ತಿಗೆ. ಮೊದಲು ಕಂದು ಬಣ್ಣದವು ಹದಿನಾಲ್ಕು, ಆಮೇಲೆ ಬಿಳಿಯವು ನಲವತ್ತೆರಡು. ಮುಗಿದು ನಾಲ್ಕು ದಿನವಾಯಿತು. ಇನ್ನೂ ಮುಟ್ಟು ಬಂದಿಲ್ಲ. ಮುಗಿದ ಮೇಲೂ ಬರುವುದಿಲ್ಲವಾ? ಎಷ್ಟು ದಿನ ಹೀಗೇ ಇರುತ್ತದೆ? ವಾಕರಿಕೆಯೂ ಹೋಗಿಲ್ಲ. ಎದೆಯ ಹತ್ತಿರ ಅಂಗಿ ಬಿಗಿಯಾಗುತ್ತಿದೆ. ಟೇಪು ಹಿಡಿದು ನೋಡಿದೆ, ಒಂದೂವರೆ ಇಂಚು ಹೆಚ್ಚಾಗಿದೆ. ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ.

ಇದೂ ಮಾತ್ರೆಯಿಂದಲೇ ಅಂತ ಬರೆದುಬಿಡು, ಅವಳಿಗೆ ತೋರಿಸುತ್ತೇನೆ. ನಿನ್ನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವಳಿಗೋಸ್ಕರ ಕೇಳುತ್ತಿದ್ದೇನೆ ಅಷ್ಟೇ.

ಬೇಗ ಬರಿ.

ಅಕ್ಕ


ಮಾರ್ಚ್ 10

ಅಕ್ಕ,

ಬೀದಿಯ ತುದಿಯಿಂದ ಎಣಿಸಿದೆ. ಮೊದಲನೆಯದು ಮುಚ್ಚಿದ ಗೋದಾಮು, ಎರಡನೆಯದು ಸೈಕಲ್ ರಿಪೇರಿಯವನದು, ಮೂರನೆಯದು ನಿಮ್ಮದು.

ಒಂದು ಶೀಟಿನಲ್ಲಿ ಬಿಳಿಯವು ಇಪ್ಪತ್ತೊಂದು, ಕಂದು ಏಳು. ಎರಡು ಶೀಟಿಗೆ ನಲವತ್ತೆರಡು ಮತ್ತು ಹದಿನಾಲ್ಕು. ಒಲೆಗೆ ಹಾಕಿದ ಮಾತ್ರೆಯ ಬಣ್ಣ ಯಾರಿಗೂ ಗೊತ್ತಿರುವುದಿಲ್ಲ.

ಈಗ ಗಮನ ಕೊಟ್ಟು ಓದು. ಬಿಳಿಯದೇ ಮಾತ್ರೆ. ಕಂದು ಬರೀ ಕಬ್ಬಿಣದ ಅಂಶದ್ದು, ರಕ್ತಕ್ಕೆ ಕೊಡುವುದು, ಅದು ಏನನ್ನೂ ತಡೆಯುವುದಿಲ್ಲ. ಇಪ್ಪತ್ತೊಂದು ಬಿಳಿ ನುಂಗಿ ಆಮೇಲೆ ಕಂದು ಏಳಕ್ಕೆ ಬಂದಾಗ ಮುಟ್ಟು ಬರುತ್ತದೆ, ಹಾಗೆ ಮಾಡಿದ್ದಾರೆ ಅದನ್ನು. ಶೀಟಿನ ಮೇಲೆ ಬಾಣದ ಗುರುತು ಇತ್ತಲ್ಲ! ನೀನು ಹದಿನಾಲ್ಕು ದಿನ ಕಬ್ಬಿಣ ನುಂಗಿ ಧೈರ್ಯವಾಗಿದ್ದೆ. ಅದೇ ದಿನಗಳಲ್ಲಿ ಭಾವ ಲಾರಿ ನಿಲ್ಲಿಸಿ ಮನೆಯಲ್ಲಿದ್ದರು ಅಂತ ನೀನೇ ಬರೆದಿದ್ದೀಯ. ನಿನ್ನ ಕಾಗದ ನನ್ನ ಮುಂದಿದೆ.

ಇನ್ನೊಂದು. ನಾನು ಬರೆದದ್ದು ಸುಳ್ಳು. ಒಂದು ಹನಿ ಇಲ್ಲ ಅಂದೆನಲ್ಲ, ಸುಳ್ಳು. ಮೊದಲ ಎರಡು ತಿಂಗಳು ನಡುನಡುವೆ ಕಲೆ ಕಾಣುತ್ತಲೇ ಇತ್ತು. ಚಡ್ಡಿ ಹಾಳಾಗಿ ಅಳುತ್ತಾ ಕೂತ ದಿನವೂ ಇತ್ತು. ಈಗ ತಿಂಗಳಿಗೆ ಸರಿಯಾಗಿ ಮೂರು ದಿನ ಬರುತ್ತದೆ, ಮೊದಲಿನ ಕಾಲುಭಾಗ. ಕೆಲವರಿಗೆ ಒಮ್ಮೊಮ್ಮೆ ಬರದೆಯೂ ಇರುತ್ತದಂತೆ. ಆದರೆ ಸರಿಯಾಗಿ ನುಂಗಿರದಿದ್ದರೆ, ಬರಲಿಲ್ಲ ಅಂದ ಕೂಡಲೇ ಪರೀಕ್ಷೆ ಮಾಡಿಕೊಳ್ಳಬೇಕು, ಇದು ನರ್ಸಮ್ಮ ಮೊದಲ ದಿನವೇ ಹೇಳಿದ ಮಾತು. ನಿನ್ನನ್ನು ಉರಿಸಬೇಕು ಅಂತ ಅದನ್ನು ಬಿಟ್ಟು ಬರೆದೆ.

ನಿನ್ನೆ ಫೋನ್ ಮಾಡಿದೆ. ನಿಮ್ಮ ಅತ್ತೆ ಎತ್ತಿದರು. ಸ್ಪೀಕರಿನಲ್ಲಿ ಏನು ಹೇಳಲಿ? "ಅಕ್ಕನಿಗೆ ನನ್ನ ಅಂಗಿಯ ಅಳತೆ ಕೊಡಬೇಕು, ಅರ್ಜೆಂಟು" ಅಂದೆ. ಹಿಂದಿನಿಂದ ನಿನ್ನ ದನಿ ಕೇಳಿಸಿತು: "ಅವಳ ಅಳತೆ ನಂಗೊತ್ತು, ಫೋನಿಡಕ್ಕೆ ಹೇಳಿ." ಕತ್ತೆ. ಕತ್ತೆ ನೀನು.

ಇದರ ಜೊತೆ ಕೊರಿಯರಿನಲ್ಲಿ ಗುಂಡಿಗಳ ಪೊಟ್ಟಣ ಕಳಿಸಿದ್ದೇನೆ. ಗುಂಡಿಯ ಕೆಳಗೆ ಪರೀಕ್ಷೆಯ ಪಟ್ಟಿ ಇದೆ. ಬೆಳಿಗ್ಗೆ ಎದ್ದ ಕೂಡಲೇ ಮೂತ್ರದಲ್ಲಿ ನೋಡು. ಒಂದು ಗೆರೆ ಬಂದರೆ ಇಲ್ಲ. ಎರಡು ಬಂದರೆ ಇದೆ. ಏನು ಬಂತು ಅಂತ ಅದೇ ದಿನ ತಿಳಿಸು.

ತಂಗಿ


ಮಾರ್ಚ್ 14

ಎರಡು ಗೆರೆ.

ಖುಷಿಯಾಯಿತಾ?

ನಿನ್ನ ಆ ಫೆಬ್ರವರಿಯ ಕಾಗದವನ್ನು ಮಡಚಿ ಮಷೀನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಕೆಳಗೆ ಇಟ್ಟುಕೊಂಡಿದ್ದೆ. ಭಯವಾದಾಗಲೆಲ್ಲ ತೆಗೆದು ಓದುತ್ತಿದ್ದೆ. "ಮುಟ್ಟು ಬರಲಿಲ್ಲ ಅಂದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ." ಬಾಯಿಪಾಠವಾಗಿದೆ. ನೀನು ಬರೆದದ್ದು ವೇದವಾಕ್ಯ ಅಂದುಕೊಂಡೆ. ನೀನು ಬರೆದದ್ದು ನನ್ನ ಹೊಟ್ಟೆ ಉರಿಸುವುದಕ್ಕೆ.

ಹೌದು, ಕದ್ದೆ. ನಿನ್ನ ಚೀಲದಲ್ಲಿ ಅವನ್ನು ನೋಡಿದಾಗ ಮೊದಲು ಸಿಟ್ಟು ಬಂತು, ಅದು ನಿಜ. ಆಮೇಲೆ ಕೈ ತಾನೇ ಹೋಯಿತು. ಸಣ್ಣವಳ ಹೆರಿಗೆಯಲ್ಲಿ ನನಗೆ ಆರು ಬಾಟಲಿ ರಕ್ತ ಕೊಟ್ಟರು ಅಂತ ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನೊಬ್ಬಳನ್ನೇ ಕರೆದು, "ಇನ್ನೊಂದು ಹೆರಿಗೆ ಅಂತ ಬಂದ್ರೆ ನಿಮ್ಮನ್ನ ಉಳಿಸ್ತೀನಿ ಅಂತ ಮಾತು ಕೊಡಕ್ಕಾಗಲ್ಲ" ಅಂದರು. ಆಪರೇಷನ್ ಮಾಡಿಸಿಕೊಳ್ಳಿ ಅಂದರು. ಅತ್ತೆ, "ಮೈ ಸುಧಾರಿಸಲಿ, ಆಮೇಲೆ ನೋಡೋಣ" ಅಂದರು. ಆ ಆಮೇಲೆ ನಾಲ್ಕು ವರ್ಷದಿಂದ ಬಂದಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಿಮ್ಮ ಭಾವನಿಗೆ ನಾನು ಹೇಳಲಿಲ್ಲ. ಹೇಳಿದರೆ ಅಮ್ಮನನ್ನು ಕೇಳುತ್ತೇನೆ ಅನ್ನುತ್ತಾರೆ. ಅವರು ಲಾರಿಯ ಟೈರು ಬದಲಿಸುವುದನ್ನೂ ಅಮ್ಮನನ್ನು ಕೇಳಿಯೇ ಮಾಡುವುದು. ಊರಿನಲ್ಲಿರುವುದು ಒಂದೇ ಔಷಧಿ ಅಂಗಡಿ, ಅಲ್ಲಿ ಕೂತಿರುವವನು ನನ್ನ ಮೈದುನ. ನೋಡೋಣ ನಿನ್ನ ಧೈರ್ಯ ಅಂತ ಬರೆದಿದ್ದೆಯಲ್ಲ. ನೋಡಿದೆಯಾ?

ಬಾಣದ ಗುರುತು ಅಂದೆ. ಡಬ್ಬಿಯನ್ನೂ ಒಳಗಿನ ಚೀಟಿಯನ್ನೂ ನಿಜವಾಗಿಯೂ ಒಲೆಗೆ ಹಾಕಿದೆ, ಯಾರ ಕಣ್ಣಿಗೂ ಬೀಳಬಾರದು ಅಂತ. ಶೀಟನ್ನು ಮನೆಯಲ್ಲಿ ಎಲ್ಲಿಡಲಿ? ಅತ್ತೆ ದಿಂಬಿನ ಕವರನ್ನೂ ಬಿಡುವುದಿಲ್ಲ. ಅಂಗಡಿಗೆ ಒಯ್ದು ಕತ್ತರಿಯಿಂದ ಒಂದೊಂದೇ ಮಾತ್ರೆ ಬೇರೆ ಮಾಡಿದೆ. ಬಿಳಿಯವನ್ನು ಬಿಳಿ ಗುಂಡಿಗಳ ಡಬ್ಬಿಗೆ ಹಾಕಿದೆ, ಕಂದು ಬಣ್ಣದವನ್ನು ಕಂದು ಗುಂಡಿಗಳ ಡಬ್ಬಿಗೆ. ಕಂದು ಕಡಿಮೆ ಇದ್ದವು. ಅಂಗಡಿಯಲ್ಲಿ ಯಾವಾಗಲೂ ಚೂರು ಬಟ್ಟೆ ಮೊದಲು ಮುಗಿಸಿ ಆಮೇಲೆ ಸುತ್ತಿಟ್ಟ ಬಟ್ಟೆಯ ತಾನಿಗೆ ಕೈ ಹಾಕುವುದು ನನ್ನ ಪದ್ಧತಿ. ಕಡಿಮೆ ಇರುವುದನ್ನು ಮೊದಲು ಮುಗಿಸೋಣ ಅಂದುಕೊಂಡೆ. ಇಪ್ಪತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ, ಒಂದು ಅಂಗಿಯೂ ಹಾಳಾಗಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಸಣ್ಣವಳಿಗೆ ಇನ್ನೂ ಚಪ್ಪಲಿಯ ಎಡ ಬಲ ಗೊತ್ತಿಲ್ಲ. ನನಗೆ ಸಾಯುವುದು ಬೇಡ.

ನಿನ್ನನ್ನು ನಾನು ಕ್ಷಮಿಸುವುದಿಲ್ಲ.

ಅಕ್ಕ


ಮಾರ್ಚ್ 16

ಅಕ್ಕ,

ಕ್ಷಮಿಸಬೇಡ. ಬಸ್ಸು ಹತ್ತು.

ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ನಿನ್ನ ಲೆಕ್ಕದಲ್ಲಿ ಹನ್ನೊಂದನೇ ವಾರ. ಇನ್ನು ತಡ ಮಾಡಬಾರದು ಅಂದರು. ಇಟ್ಟುಕೊಳ್ಳುವುದೋ ತೆಗೆಸುವುದೋ ನಿನ್ನ ಬಾಯಿಂದಲೇ ಕೇಳುತ್ತಾರಂತೆ, ನನ್ನಿಂದಲ್ಲ, ಭಾವನಿಂದಲ್ಲ, ನಿಮ್ಮ ಅತ್ತೆಯಿಂದಂತೂ ಅಲ್ಲ. ಸಣ್ಣವಳ ಹೆರಿಗೆಯ ಆಸ್ಪತ್ರೆ ಕಾಗದ ಇದ್ದರೆ ತಾ. ಇಲ್ಲದಿದ್ದರೂ ಬಾ.

ಮನೆಯಲ್ಲಿ ಜಿಪ್ಪು, ಲೈನಿಂಗ್ ಬಟ್ಟೆ ತರಬೇಕು ಅಂತ ಹೇಳು. ನೂರಾ ಹತ್ತು ಅಂಗಿಗೆ ನೀನು ಊರೂರು ಅಲೆದರೂ ಯಾರೂ ಅನುಮಾನ ಪಡುವುದಿಲ್ಲ. ವಾಪಸ್ ಹೋಗುವಾಗ ಒಯ್ಯುವುದಕ್ಕೆ ಜಿಪ್ಪು ನಾನೇ ತಂದಿಟ್ಟಿರುತ್ತೇನೆ, ಆಮೇಲೆ ಬಣ್ಣ ಸರಿಯಿಲ್ಲ ಅಂತ ತಕರಾರು ತೆಗೆಯಬೇಡ.

ಮೂರು ದಿನ ರಜೆ ಕೇಳಿದೆ. ಮೇಸ್ತ್ರಿ ಯಾಕೆ ಅಂದ. "ನಮ್ಮಕ್ಕನಿಗೆ ಹುಷಾರಿಲ್ಲ" ಅಂದೆ. ಹೇಳುವಾಗ ಅಳು ಬಂತು, ಎಲ್ಲರೆದುರಿಗೆ ಮರ್ಯಾದೆ ಹೋಯಿತು. ಅದೂ ನಿನ್ನಿಂದಲೇ.

ಕದಿಯುವ ಬದಲು ಕೇಳಿದ್ದರೆ ಕೊಡುತ್ತಿದ್ದೆ. ಹೇಗೆ ನುಂಗಬೇಕು ಅಂತ ಹೇಳಿಕೊಡುತ್ತಿದ್ದೆ. ಒಂದು ಮಾತು ಕೇಳುವುದಕ್ಕೆ ನಿನಗೆ ಏನು ದಾಡಿ? ಕೇಳಿದ್ದರೆ ಅಕ್ಕನ ಪಟ್ಟ ಹೋಗುತ್ತಿತ್ತಾ?

ಬಸ್ ನಿಲ್ದಾಣದಲ್ಲಿ ಎರಡನೇ ಬಾಗಿಲ ಹತ್ತಿರ ನಿಂತಿರುತ್ತೇನೆ. ಬರದೆ ಇದ್ದರೆ ನಾನೇ ಬಂದು ನಿಮ್ಮ ಮನೆಯ ಫೋನಿನ ಸ್ಪೀಕರು ಬೇಡದಷ್ಟು ಗಟ್ಟಿಯಾಗಿ ಎಲ್ಲವನ್ನೂ ಹೇಳುತ್ತೇನೆ.

ತಂಗಿ


ಏಪ್ರಿಲ್ 25

ಮೊಂಡಿ,

ಒಂದು ತಿಂಗಳ ಮೇಲಾಯಿತು. ಬರೆಯಬೇಕು ಅಂತಿರಲಿಲ್ಲ. ನೀನು ಮೂರು ಸಲ ಫೋನ್ ಮಾಡಿ ಅತ್ತೆಯ ಹತ್ತಿರ "ಅಂಗಿ ಹೇಗಿದೆ, ಅಂಗಿ ಹೇಗಿದೆ" ಅಂತ ಕೇಳಿದ್ದಕ್ಕೆ ಅವರು ನನಗೆ, "ನಿನ್ನ ತಂಗಿಗೆ ತಲೆ ಕೆಟ್ಟಿದೆಯಾ, ಒಂದು ಅಂಗಿಗೆ ಇಷ್ಟು ಸಲ ಫೋನಾ?" ಅಂದರು. ಅದಕ್ಕೆ ಬರೆಯುತ್ತಿದ್ದೇನೆ. ಅಂಗಿ ಚೆನ್ನಾಗಿದೆ.

ಆಸ್ಪತ್ರೆಯಿಂದ ಬಂದ ಮೇಲೆ ಎರಡು ವಾರ ಸುಸ್ತು ಇತ್ತು, ಈಗ ಇಲ್ಲ. ನಿಮ್ಮ ಡಾಕ್ಟರು ಹಾಕಿದ ಕಾಪರ್-ಟಿ ಸರಿಯಾಗಿ ಕೂತಿದೆ ಅಂತ ಅನ್ನಿಸುತ್ತದೆ, ತೋರಿಸಲು ಮುಂದಿನ ವಾರ ಬರಬೇಕಂತೆ. ನನ್ನ ಬಿ.ಪಿ. ನೋಡಿ ಅವರು ಹೇಳಿದ್ದು ನೆನಪಿದೆಯಾ? "ಈ ಬಿ.ಪಿ.ಗೆ ಆ ಮಾತ್ರೆ ನಿಮಗೆ ಕೊಡಲೇಬಾರದು. ಯಾರು ಕೊಟ್ಟರು?" ಅಂದರು. ನೀನು ತಲೆ ತಗ್ಗಿಸಿದೆ, ನಾನೂ ತಗ್ಗಿಸಿದೆ. ಯಾರೂ ಕೊಡಲಿಲ್ಲ ಅಂತ ಹೇಳುವುದು ಹೇಗೆ?

ಹೋದ ವಾರ ಮುಟ್ಟು ಬಂತು. ಐದು ದಿನ, ಹೊಟ್ಟೆನೋವು, ಸೊಂಟನೋವು, ಎಲ್ಲ ಇತ್ತು. ಇಷ್ಟು ವರ್ಷ ಅದನ್ನು ಶನಿ ಅಂತ ಬೈದವಳು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಸಣ್ಣವಳು ಬಾಗಿಲು ಬಡಿದು, "ಅಮ್ಮಾ, ಜಾರಿ ಬಿದ್ಯಾ?" ಅಂದಳು. ಇಲ್ಲ ಕಣೇ, ಇದ್ದೀನಿ ಅಂದೆ.

ನಿಮ್ಮ ಭಾವನಿಗೆ ಹೇಳಿದೆ. ಲಾರಿಯಲ್ಲಿ ಅವರ ಪಕ್ಕ ಕೂತು ಹೇಳಿದೆ, ಮನೆಯಲ್ಲಿ ಅಲ್ಲ. "ನನಗ್ಯಾಕೆ ಹೇಳಲಿಲ್ಲ?" ಅಂದರು. "ಹೇಳಿದ್ರೆ ನಿಮ್ಮಮ್ಮನ್ನ ಕೇಳ್ತಿದ್ರಿ" ಅಂದೆ. ಇಲ್ಲ ಅನ್ನಲಿಲ್ಲ. ಕೆಳಗಿಳಿದು ಒಂದು ಗಂಟೆ ಲಾರಿಯ ಗಾಜು ಒರೆಸಿದರು, ಗಾಜು ಮೊದಲೇ ಸ್ವಚ್ಛವಾಗಿತ್ತು. ಆಮೇಲೆ ಬಂದು, ಮುಂದಿನ ವಾರ ತೋರಿಸುವುದಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದರು. ಅತ್ತೆಯನ್ನು ಕೇಳಲಿಲ್ಲ. ನೋಡೋಣ, ಎಷ್ಟು ದಿನ ಇರುತ್ತದೆ ಈ ಪೌರುಷ.

ಈಗ ನಿನ್ನ ವಿಷಯ. ಮೂರು ದಿನ ನಿನ್ನ ಕೋಣೆಯಲ್ಲಿ ಮಲಗಿದ್ದೆ. ನೀನು ಗೊರಕೆ ಹೊಡೆಯುತ್ತೀಯ, ದಿಂಬು ಎಳೆದುಕೊಳ್ಳುತ್ತೀಯ, ಚಹಾ ಕುದಿಸುವುದನ್ನು ಇನ್ನೂ ಕಲಿತಿಲ್ಲ. ನನ್ನ ಬಟ್ಟೆ ನೀನು ಒಗೆದೆ. ಬೇಡ ಅಂದರೂ ಒಗೆದೆ, ಒಂದು ಮಾತಾಡದೆ. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ, ನಿದ್ದೆ ಬಂದಿರಲಿಲ್ಲ.

ನಿನ್ನ ಬಚ್ಚಲಲ್ಲಿ ಲೋಟದೊಳಗೆ ಹಲ್ಲುಜ್ಜುವ ಬ್ರಷ್ಷು ಎರಡು ಇದ್ದವು. ಒಂದು ನನಗೋಸ್ಕರ ತಂದದ್ದು ಅಂದುಕೊಳ್ಳೋಣ ಅಂದರೆ, ಅದು ಸವೆದು ಹೂವಾಗಿತ್ತು. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಗಂಡಸೂ ಇಲ್ಲ, ಗಿಂಡಸೂ ಇಲ್ಲ ಅಂತ ಬರೆದ ಕಾಗದ ನನ್ನ ಡ್ರಾಯರಿನಲ್ಲೇ ಇದೆ. ನಿನ್ನ ರಕ್ತದ ಕಥೆ ನಿಜ, ಬ್ರಷ್ಷೂ ನಿಜ. ಸುಳ್ಳಿ.

ನಿನ್ನ ಸುಳ್ಳನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ನನ್ನ ಕಳ್ಳತನವನ್ನು ನೀನೂ ಮರೆಯಬೇಡ, ಸಾಯುವ ತನಕ ಎತ್ತಿ ಆಡು. ನನಗೆ ಅಷ್ಟು ದಿನ ಇದೆ ಈಗ.

ಇದರ ಜೊತೆ ಕಾರ್ಖಾನೆಗೆ ಹಾಕಿಕೊಳ್ಳುವ ಅಂಗಿ ಕಳಿಸಿದ್ದೇನೆ. ಅಳತೆ ನಂಗೊತ್ತು ಅಂದಿದ್ದೆನಲ್ಲ, ಹಾಕಿ ನೋಡು. ಎಡಗಡೆ ಒಳಜೇಬು ಇಟ್ಟಿದ್ದೇನೆ. ಶೀಟು ಕತ್ತರಿಸದೆ, ಬಾಣದ ಗುರುತಿನ ಸಮೇತ, ಪೂರ್ತಿ ಹಿಡಿಸುತ್ತದೆ. ಜಿಪ್ಪು ಹಾಕಿದ್ದೇನೆ. ನಮ್ಮ ಮನೆಗೆ ಬಂದಾಗ ಕೊನೆಯ ಹಲ್ಲಿನ ತನಕ ಎಳೆದುಕೋ.

ಅಕ್ಕ